ಯಾರನ್ನ ನೋಡ್ಬೇಕು?
ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ನ ಕಣ್ಣು ತಪ್ಪಿಸಿ ಒಳಗೆ ನುಗ್ಗಲು ಗಾಳಿಗೂ ಧೈರ್ಯವಿಲ್ಲ. ಎಷ್ಟೋ ವರ್ಷದಿಂದ ಇಲ್ಲೇ ಇರುವ ನಾನು ಹಾಲಿನ ಪ್ಯಾಕೆಟ್ ಹಿಡಿದು ಬಂದರೂ "ಯಾರನ್ನ ನೋಡ್ಬೇಕು?" ಎಂದು ತಡೆಯುತ್ತಾನೆ. ಕಟ್ಟಡದ ಮಾಲೀಕರು ಗಡ್ಡ ಬೋಳಿಸಿಕೊಂಡು ಬಂದ ದಿನ ಅವರಿಗೂ ಅದೇ ಪ್ರಶ್ನೆ. ತನಗೆ ಊಟದ ಡಬ್ಬಿ ತರುವ ಸ್ವಂತ ಹೆಂಡತಿಗಂತೂ ದಿನಾ ತಪ್ಪಿದ್ದಲ್ಲ, ಅವಳು "ನಿಮ್ಮನ್ನೇ, ಇನ್ಯಾರನ್ನ?" ಎಂದ ಮೇಲೆಯೇ ಚಿಲಕ ತೆಗೆಯುವುದು. ಈಚೆಗೆ ಅವನಿಗೆ ತಲೆಸುತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಡಾಕ್ಟರು, "ರೋಗ ತಡೆಯೋಕೆ ಅಂತ ಮೈಯಲ್ಲಿರೋ ಕಾವಲುಪಡೆ, ಸಮತೋಲ ಕಾಯೋ ಕಿವಿಯ ಒಳಭಾಗಾನೇ ಕಳ್ಳ ಅಂದ್ಕೊಂಡು ಬಡೀತಿರಬಹುದು. ಖಚಿತವಾಗಿ ಹೇಳೋಕಾಗಲ್ಲ, ಔಷಧಿ ಕೊಟ್ಟು ನೋಡೋಣ" ಎಂದರಂತೆ. ಇವನು ಬೇಸರಪಡುವುದು ಬಿಟ್ಟು, "ಒಳಗೂ ನನ್ನಂಥೋನೇ ಒಬ್ಬ ಡ್ಯೂಟಿಯಲ್ಲಿದ್ದಾನೆ ಸಾರ್, ಮನೆಯವ್ರನ್ನೂ ಬಿಡಲ್ಲ!" ಎಂದು ಹೋಗಿಬರುವವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡ. ನಿನ್ನೆ ಮಧ್ಯಾಹ್ನ ತಲೆ ತಿರುಗಿ, ಎರಡೂ ಕೈಯಲ್ಲಿ ಗೇಟು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ಹೆಂಡತಿಯ ಚಪ್ಪಲಿಯ ಸದ್ದು ಕೇಳಿದ್ದೇ ತಡ, ತಡಕಾಡಿ ಚಿಲಕ ತೆಗೆದುಬಿಟ್ಟ. "ಯಾಕೆ, ಇವತ್ತು ಕೇಳ್ಲೇ ಇಲ್ಲ?" ಎಂದಳು ಅವಳು, ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸುತ್ತ. ಕಣ್ಣು ತೆರೆಯದೆಯೇ ಹೇಳಿದ: "ಒಳಗಿರೋನು ನೋಡಿ ಕಲೀಲಿ ಅಂತ."