ನೋಡದೆ ಬರೆದ ನೀಲಿ

ನಾಲ್ಕು ವರ್ಷದ ಹಿಂದಿನ ಬೇಸಿಗೆ. ಮನೆಯಲ್ಲಿ ತಂಗಿಯ ಮದುವೆಯ ಗಡಿಬಿಡಿ. ಹುಬ್ಬಳ್ಳಿಯ ಹೊರಗೆ, ಬಟ್ಟೆಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ.

ಕೆಲಸ ದೊಡ್ಡದೇನಲ್ಲ. ಗಾಜಿನ ಬಟ್ಟಲಲ್ಲಿ ನೀರು ಹಿಡಿದು ನಾಲ್ಕು ಹನಿ ಔಷಧ ಹಾಕಬೇಕು. ನೀಲಿಯಾದರೆ ನೀರು ಛಲೋ. ಕೆಂಪಾದರೆ ಸುಣ್ಣವಿದೆ ಎಂದರ್ಥ. ನಾನು ಪುಸ್ತಕದಲ್ಲಿ ಬರೆದಿದ್ದನ್ನು ನೋಡಿಯೇ ಬಾಯ್ಲರ್ ನಡೆಸುವ ಬಸಪ್ಪ ಕಾಕಾ ನೀರಿಗೆ ಕೆಮಿಕಲ್ ಎಷ್ಟು ಬಿಡಬೇಕೆಂದು ಠರಾಯಿಸುತ್ತಿದ್ದರು. ಕಡಿಮೆ ಬಿದ್ದರೆ ಕೊಳವೆಗಳಿಗೆ ಸುಣ್ಣ ಕಟ್ಟುತ್ತದೆ, ಅವು ಕಾದು ಒಡೆಯುತ್ತವೆ. ಕಾಕಾ ಅಮ್ಮಿನಬಾವಿಯಿಂದ ಬಸ್ಸಿಗೆ ಬರುವವರು. ಅವರ ಬುತ್ತಿಯಲ್ಲಿ ನನ್ನ ಪಾಲಿನದೂ ಒಂದು ರೊಟ್ಟಿ ಇರುತ್ತಿತ್ತು.

ನಮ್ಮಲ್ಲಿ ನಳದ ನೀರು ಬರುವುದು ವಾರಕ್ಕೊಮ್ಮೆ. ಅದನ್ನು ಟಾಕಿಗೆ ತುಂಬಿದರೆ ಪರೀಕ್ಷೆಯಲ್ಲಿ ಯಾವತ್ತೂ ನೀಲಿಯೇ. ಹಾಗಾಗಿ ನೋಡದೆಯೇ ‘ನೀಲಿ’ ಎಂದು ಬರೆಯುವ ರೂಢಿ ಮಾಡಿಕೊಂಡಿದ್ದೆ. ಆ ಸಲ ನಳ ಕೈಕೊಟ್ಟಿತ್ತು, ವಾಚಮನ್ ಟಾಕಿಗೆ ಬೋರಿನ ಸವಳು ನೀರು ಬಿಡುತ್ತಿದ್ದ. ನಾನು ವಿಚಾರಿಸಲೂ ಇಲ್ಲ. ಮೂರು ವಾರ ನೀಲಿ ಬರೆದೆ.

ಒಂದು ದಿನ ಕಾಕಾ, “ಯವ್ವಾ, ಇದಽ ಟಾಕಿ ನೀರ ಕಾಸೂ ಚಾದ ಕೆಟಲಿ ಒಳಗ ಬಿಳೇ ಹಕ್ಕಳಿ ಕಟ್ಟೈತಿ. ಚಾನೂ ಸವಳ ಹತ್ತಾಕತ್ತೈತಿ. ನೀರ ಖರೇನ ನೋಡೀಯೇನ?” ಎಂದರು.

“ನೋಡೇನ್ರಿ ಕಾಕಾ, ನೀಲೀನ ಐತ್ರಿ. ನಿಮ್ಮ ನಾಲಿಗೀ ಏನ್ ಮಷೀನೇನ್ರಿ?”

“ಹಂಗಾರ ನಾಲಿಗೀಗೂ ವಯಸ್ಸಾತು ಬಿಡು,” ಎಂದು ನಕ್ಕರು. ಕೆಮಿಕಲ್ ಹೆಚ್ಚಿಸಲಿಲ್ಲ.

ಅದಾಗಿ ನಾಲ್ಕನೇ ದಿನ ಕೊಳವೆ ಒಡೆಯಿತು. ಉಗಿ ಬಡಿದು ಕಾಕಾನ ಬಲಗೈ ಮೊಣಕೈವರೆಗೆ ಸುಟ್ಟುಹೋಯಿತು.

ಕೈಗೆ ಪಟ್ಟಿ ಕಟ್ಟಿಕೊಂಡೇ ಅವರು ಮ್ಯಾನೇಜರ್ ಮುಂದೆ ನಿಂತರು. ಪಕ್ಕದಲ್ಲಿ ನಾನು. ಮೇಜಿನ ಮೇಲೆ ನನ್ನ ಪುಸ್ತಕ.

“ನೀರ ಛಲೋ ಐತಿ ಅಂತ ಬರದೈತಿ. ಅಂದ್ರ ದಿನಾ ಬಿಡೂ ಅಷ್ಟು ಕೆಮಿಕಲ್ಲೂ ನೀವಽ ಬಿಟ್ಟಿಲ್ಲ. ಹೌದಿಲ್ಲೋ ಬಸಪ್ಪಾರ?”

ಕಾಕಾ ನನ್ನನ್ನು ನೋಡಿದರು. ಮಾತು ತುಟಿಗೆ ಬಂತು. ನೌಕರಿ ಹೋದರೆ ಬೀಗರ ಮುಂದೆ ಏನು ಹೇಳುವುದು ಎಂದುಕೊಂಡು ನುಂಗಿದೆ.

“ಮರ್ತಿರಬೇಕ್ರಿ ಸಾಹೇಬ್ರ,” ಎಂದರು ಕಾಕಾ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು.

ಕಳೆದ ತಿಂಗಳು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಲಗೈ ಬೆರಳುಗಳು ಈಗ ಮಡಚುವುದಿಲ್ಲ. “ತಂಗಿ ಆರಾಮ ಅದಾಳಿಲ್ಲೋ?” ಎಂದು ಕೇಳಿದರು. ನಾನು ತಡವರಿಸುತ್ತ, “ಕಾಕಾ, ಆ ಪುಸ್ತಕದಾಗ...” ಎಂದೆ.

“ಗೊತ್ತೈತಿ ಯವ್ವಾ. ಅವತ್ತಽ ಗೊತ್ತಿತ್ತು. ನೀನಽ ಹೇಳ್ತಿ ಅಂತ ದಾರಿ ಕಾದೆ.”

ಅಮ್ಮಿನಬಾವಿಯ ಬಸ್ಸು ಬಂತು. ಎಡಗೈಯಿಂದ ಕಂಬಿ ಹಿಡಿದು ಹತ್ತಿದರು. ತಿರುಗಿ ನೋಡಲಿಲ್ಲ.

ಈಗ ದಿನಕ್ಕೆ ಎರಡು ಸಲ ನೀರು ನೋಡುತ್ತೇನೆ. ಆ ಪುಸ್ತಕ ಆಫೀಸಿನ ಕಪಾಟಿನಲ್ಲಿ ಹಾಗೇ ಇದೆ; ಮೂರು ವಾರದ ನೀಲಿ, ನನ್ನದೇ ಅಕ್ಷರ. ನಿಮ್ಮ ಮುಂದೆ ಇಷ್ಟೆಲ್ಲ ಬರೆದೆ. ಮ್ಯಾನೇಜರ್ ಮುಂದೆ ಇವತ್ತಿಗೂ ಬಾಯಿ ಬಿಟ್ಟಿಲ್ಲ.