ಮಲ್ಲಾಜಮ್ಮ ಮೇಡಂ ಕೇಳಿದ ಗೀಟು

ನಾನು ಪಿರಿಯಾಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಟೈಪಿಸ್ಟ್. ಗಂಟೆ ಹೊಡೆಯುವುದೂ ನನ್ನದೇ. ಮೂರು ವರ್ಷದ ಬಿ.ಕಾಂ.ಅನ್ನು ಐದು ವರ್ಷ ಓದಿದವನಿಗೆ ಅದೇ ಹೆಚ್ಚು.

ಮಲ್ಲಾಜಮ್ಮ ಮೇಡಂ ಅಲ್ಲಿ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಕಂಪಲಾಪುರದವರು. ಬೈಲಕುಪ್ಪೆಯ ಟಿಬೆಟನ್ ಮಠ ನೋಡಲು ಬಂದ ವಿದೇಶಿಯರಿಗೆ ಪಕ್ಕದ ಕೊಪ್ಪದಲ್ಲಿ ಬಾಳೆಹಣ್ಣು ಮಾರುತ್ತ ಇಂಗ್ಲಿಷ್ ಕಲಿತು, ಆಮೇಲೆ ಅಂಚೆಯಲ್ಲಿ ಎಂ.ಎ. ಮಾಡಿದವರು. ಅವರ ಉಚ್ಚಾರಣೆ ಕಾರ್ಯದರ್ಶಿ ಮಹೇಶ್‌ಕುಮಾರ್‌ಗೆ ಹಿಡಿಸುತ್ತಿರಲಿಲ್ಲ. ಮೈಸೂರಿನಿಂದ ಯಾರನ್ನಾದರೂ ತರಲು ನೆಪ ಹುಡುಕುತ್ತಿದ್ದರು. ಆ ನೆಪ ಒದಗಿಸಿದವನು ನಾನು.

ಅವರ ಪಾಠ ಆಫೀಸಿಗೂ ಕೇಳಿಸುತ್ತಿತ್ತು.

"ಶಿವಾನಿ, ಮನೆಗೆ ಹೊರಟಾಗ ಏನಂತೀಯಮ್ಮ? ಬರುತ್ತೇನೆ ಅಂತೀಯಾ?"

"ಇಲ್ಲ ಮಿಸ್. ಬತ್ತೀನಿ."

"'ರು' ಎಲ್ಲೋಯ್ತು?"

"ನುಂಗ್ಬುಟ್ಟೆ ಮಿಸ್!"

"ಇಂಗ್ಲಿಷ್‌ನೋರೂ ನುಂಗ್ತಾರೆ. 'ಐ ವಿಲ್' ಅನ್ನೋದು 'ಐಲ್' ಆಯ್ತದೆ. ಆದ್ರೆ ನುಂಗಿದ್ ಜಾಗದ ಮೇಲೆ ಒಂದು ಗೀಟು ಆಕ್ತಾರೆ. ಅದ್ನ ಬುಟ್ರೆ 'ಐಲ್' ಓಗಿ 'ಇಲ್' ಆಯ್ತದೆ. ಕಾಯ್ಲೆ ಬೀಳ್ತೀರ ಕಣ್ರೋ!"

ಅರ್ಧವಾರ್ಷಿಕ ಪರೀಕ್ಷೆಗೆ ಟೈಪ್ ಮಾಡಲು ಅವರು ಬರೆದುಕೊಟ್ಟ ಪ್ರಶ್ನೆಪತ್ರಿಕೆಯ ಹಾಳೆಯಲ್ಲಿ ಗೀಟುಗಳೆಲ್ಲ ಕೆಂಪು ಶಾಯಿಯಲ್ಲಿದ್ದವು. ನಮ್ಮ ಆಫೀಸಿನ ಕೀಬೋರ್ಡಿನಲ್ಲಿ ಆ ಗುರುತಿನ ಕೀಲಿ ಕೆಟ್ಟಿತ್ತು. ಬಸ್ಸಿಗೆ ಹೊತ್ತಾಗಿತ್ತು, ಬಿಟ್ಟೆ.

"ಗೀಟೆಲ್ಲ ಬಂದವೇನಪ್ಪಾ ಕಾಂತರಾಜ್?" ಎಂದರು ಮೇಡಂ.

"ಬಂದವೆ ಮೇಡಂ."

ನಂಬಿ ಸಹಿ ಹಾಕಿದರು. ಪರೀಕ್ಷೆಯ ದಿನ 'ನಾವು ಬರುತ್ತೇವೆ' ಎಂಬಲ್ಲಿ 'ವೀಲ್' ಹೋಗಿ 'ವೆಲ್' ಆಗಿ, ಬಾವಿ ಬಂತು. 'ಅವಳು ಹಾಡುತ್ತಾಳೆ' ಎಂಬಲ್ಲಿ 'ಶೀಲ್' ಹೋಗಿ 'ಶೆಲ್' ಆಗಿ, ಚಿಪ್ಪು ಹಾಡಿತು. ಪೋಷಕರೊಬ್ಬರು ಪ್ರಶ್ನೆಪತ್ರಿಕೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು.

ಮಹೇಶ್‌ಕುಮಾರ್ ಇಬ್ಬರನ್ನೂ ಕರೆಸಿದರು. "ಏನ್ ಮೇಡಂ, ಇಷ್ಟ್ ವರ್ಷ ಇದ್ನೇ ಏಳ್ಕೊಟ್ಟಿದ್ದಾ?"

"ನಾನು ಬರ್ದಿದ್ ಹಾಳೆ ತಾರಪ್ಪಾ ಕಾಂತರಾಜ್."

ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ಕೆಲಸ ಹೋದರೆ ನನ್ನನ್ನು ಇನ್ನಾರೂ ಕರೆಯುವುದಿಲ್ಲ ಎಂಬುದೂ ಗೊತ್ತಿತ್ತು.

"ಎಸ್ದುಬುಟ್ಟೆ ಮೇಡಂ. ನೀವು ಬರ್ಕೊಟ್ಟಂಗೇ ಒಡ್ದೆ."

ಮೇಡಂ ಬೈದಿದ್ದರೆ ಸುಖವಾಗಿರುತ್ತಿತ್ತು.

"ರಿಸೈನ್ ಕೊಟ್ಬುಡಿ, ಮರ್ವಾದೆಲಿ ಓಗಿ," ಎಂದರು ಕಾರ್ಯದರ್ಶಿ.

ಆ ರಾಜೀನಾಮೆಯನ್ನೂ ನನ್ನಿಂದಲೇ ಟೈಪ್ ಮಾಡಿಸಿದರು. ಪಾಪಪರಿಹಾರಕ್ಕೆಂಬಂತೆ, ಬೇರೆ ಕೀಬೋರ್ಡ್ ಹುಡುಕಿ, ಗೀಟು ಸಮೇತ 'ಐಮ್' ಎಂದು ಹೊಡೆದೆ.

"'ಐ ಆಮ್' ಅಂತ ಪೂರ್ತಿ ಒಡಿಯಪ್ಪಾ," ಎಂದರು ಮೇಡಂ. "ಅರ್ಜಿಲಿ ನುಂಗಬಾರ್ದು."

ತಿದ್ದಿ ಕೊಟ್ಟೆ. ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರವಾಗಿ ತಾವೇ ಓದಿದರು, ಮತ್ತೊಮ್ಮೆ ಮೊದಲಿನಿಂದ ಓದಿದರು, ಆಮೇಲೆ ಸಹಿ ಹಾಕಿದರು.