ಕೊನೆಯ ಅಧ್ಯಾಯ ಮೊದಲು

ನನ್ನ ಅಕ್ಕ ಒಂದು ಕಾದಂಬರಿಯನ್ನು ಓದಿ ಮುಗಿಸಿದ ಕೂಡಲೇ ಅಂಗಳಕ್ಕೆ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಗ್ರಂಥಾಲಯದ ಪುಸ್ತಕ. ನನ್ನ ಹೆಸರಿನಲ್ಲಿ ಚನ್ನಗಿರಿಯಿಂದ ತಂದದ್ದು. ಎಸೆದವಳೇ ಎದ್ದು ಹೋಗಿ, ಎತ್ತಿಕೊಂಡು, ಸೆರಗಿನಿಂದ ರಟ್ಟನ್ನು ಒರೆಸಿ ನನ್ನ ಕೈಗಿತ್ತಳು. ಮುಖದ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಕೆರೆಯೊಳಗಿನ ರಾಣಿ, ಕೆರೆಯೊಳಗಿನ ರಾಣಿ ಅಂತ ಅಷ್ಟೂ ಪುಟ ಓದಿಸಿ, ಕಡೀಗೆ ಕಳ್ಳಸಾಗಣೆಯೋನ ಹೆಂಡ್ತಿ ಅಂತಾನಲ್ಲೇ! ಒದ್ದೆ ಸೀರೆ ಉಟ್ಕಂಡು ಲಾಟೀನು ಹಿಡ್ಕಂಡು ಓಡಾಡ್ತಿದ್ಲಂತೆ. ಇವನ ಕೈ ಸೇದಿ ಹೋಗ!"

"ಹೋಗ್ಲಿ ಬಿಡವ್ವಾ, ದಿನಾ ಒದ್ದೆ ಸೀರೆ ಅಂದ್ರೆ ಅವಳಿಗೂ ನೆಗಡಿ ಆಗಿರ್ತೈತೆ," ಎಂದು ಜೋಳದ ಪುಟ್ಟಿಯ ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ಸಮಾಧಾನ ಹೇಳಿದಳು. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ಅಕ್ಕ ನಗಲಿಲ್ಲ.

ಇದು ನಡೆದದ್ದು ಜಗಳೂರಿನಲ್ಲಿ, ನನ್ನ ಭಾವನ ಹಿಟ್ಟಿನ ಗಿರಣಿಯಲ್ಲಿ. ಎಪ್ಪತ್ತರ ದಶಕದ ನಡುಭಾಗದಲ್ಲಿ. ಭಾವ ಯಂತ್ರದ ಬಳಿ ನಿಲ್ಲುತ್ತಿದ್ದರು. ಅಕ್ಕ ತಕ್ಕಡಿಯ ಬಳಿ ಕೂರುತ್ತಿದ್ದಳು. ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಯಂತ್ರ ತಿರುಗಿಸುವ ಪಟ್ಟೆಯ ಸದ್ದು ನಿಂತೊಡನೆ ಹೆಂಗಸರು ತಮ್ಮ ತಮ್ಮ ಪುಟ್ಟಿ, ಡಬ್ಬಿಗಳ ಪಕ್ಕದಲ್ಲೇ ಕುಳಿತುಬಿಡುವರು. ಅಕ್ಕ ಗೋಣಿಚೀಲದ ಮೇಲೆ ಕಾಲು ಮಡಚಿ ಕುಳಿತು, ತಾನು ಓದುತ್ತಿದ್ದ ಪುಟದಿಂದಲೇ ಗಟ್ಟಿಯಾಗಿ ಓದತೊಡಗುವಳು. ಹಿಂದಿನ ಕಥೆ ಗೊತ್ತಿಲ್ಲದವರಿಗೆ ಗೊತ್ತಿದ್ದವರು ಪಿಸುಮಾತಿನಲ್ಲಿ ವಿವರಿಸುವರು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಅಕ್ಕನ ಓದಿನಲ್ಲಿ ಒಂದು ಗುಣವಿತ್ತು. ಮುಂದೆ ಏನೋ ಆಗಲಿದೆ ಎನ್ನಿಸಿದಲ್ಲಿ ಅವಳ ದನಿ ತಾನಾಗಿಯೇ ತಡೆಯುತ್ತಿತ್ತು. ಪುಟ ತಿರುಗಿಸುವ ಮೊದಲು ಉಸಿರು ಹಿಡಿಯುತ್ತಿದ್ದಳು. ಅದು ನಟನೆಯಲ್ಲ, ಮುಂದಿನ ಪುಟದಲ್ಲಿ ಏನಿದೆಯೆಂಬುದು ಅವಳಿಗೂ ತಿಳಿದಿರಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ ಬಗೆಯ ಕಾದಂಬರಿ. ಇಂದು ಮಕ್ಕಳು ಫ್ಯಾಂಟಸಿ ಎನ್ನುತ್ತಾರೆ. ನಾವು ಮಾಯೆಯ ಕಾದಂಬರಿ ಎನ್ನುತ್ತಿದ್ದೆವು. ಗುಹೆ, ದ್ವೀಪ, ಮಾತಾಡುವ ಕಂಬ, ಮುನ್ನೂರು ವರ್ಷ ನಿದ್ರಿಸಿದ ಊರು, ಏನಾದರೂ ಆಗಬಹುದು. ಅವಳ ಷರತ್ತು ಇಷ್ಟೇ:

"ಮಾಯೆ ಅಂದ್ಮೇಲೆ ಕಡೀತನಕ ಮಾಯೆನೇ ಆಗಿರ್ಬೇಕು ನೋಡು. ಕನಸು ಅಂತ, ಕಳ್ಳರು ಅಂತ, ವೇಷ ಅಂತ ಹೇಳಂಗಿಲ್ಲ. ಕಾರಣ ಕೇಳಾಕೆ, ಕಾರಣ ಹೇಳಾಕೆ ಈ ಮನ್ಯಾಗೆ ಬೇಕಾದಷ್ಟು ಜನ ಅದಾರೆ. ಪುಸ್ತಕದಾಗೂ ಅದೇ ಆದ್ರೆ ನಾನು ಎಲ್ಲಿಗೆ ಹೋಗ್ಲಿ?"

ಆ ಮಾತು ನನ್ನನ್ನು ಹಿಡಿದುಕೊಂಡಿತು. ಅವಳಿಗೆ ಬೇರೆ ಮನರಂಜನೆ ಇರಲಿಲ್ಲ. ಊರು ಬಿಟ್ಟು ಹೋಗುವ ಸಂದರ್ಭಗಳೂ ಕಡಿಮೆ. ಪುಸ್ತಕ ಬಿಚ್ಚಿ ಕುಳಿತಾಗ ಅವಳಿಗೆ ದೊರೆಯುತ್ತಿದ್ದ ಸುಖ ಇನ್ನೆಂದೂ ಕೆಡಬಾರದೆಂದು ನಾನು ಅಂದೇ ನಿಶ್ಚಯಿಸಿದೆ. ಆ ಸುಖ ಕೊನೆಗೆ ಕೆಟ್ಟಿತು. ನಾನು ಅದನ್ನು ಕಾಯಲು ಹಿಡಿದ ದಾರಿಯಿಂದಲೇ ಕೆಟ್ಟಿತು. ಹೇಗೆಂದು ಕ್ರಮವಾಗಿ ಹೇಳುತ್ತೇನೆ.

ಆಗ ನಾನು ಚನ್ನಗಿರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡದ ಅಧ್ಯಾಪಕಿ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅನುಸ್ವಾರ ತಪ್ಪಿದರೂ ಕೆಂಪು ಶಾಯಿ ಬೀಳುತ್ತಿತ್ತು. ಅಂಥವಳಿಗೆ ಎಂಥ ಕಾದಂಬರಿ ಹಿಡಿಸುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅಕ್ಕ ಅಂಗಳಕ್ಕೆ ಎಸೆದಳಲ್ಲ, ಅಂಥದ್ದು. ಮೊದಲು ಎಲ್ಲವೂ ಮಂಜು. ಆಮೇಲೆ ಒಂದೊಂದಾಗಿ ಗಂಟು ಸಡಿಲಿ, ಕೊನೆಯ ಅಧ್ಯಾಯದಲ್ಲಿ ಪ್ರತಿಯೊಂದಕ್ಕೂ ಕಾರಣ ಸಿಗಬೇಕು. ಲಾಟೀನು ಹಿಡಿದ ಹೆಂಗಸು ನನಗೆ ಬಹಳ ಮೆಚ್ಚುಗೆಯಾಗಿದ್ದಳು. ಆದರೆ ಅಕ್ಕನ ಮುಂದೆ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ.

ಅಕ್ಕನಿಗಾಗಿ ಪುಸ್ತಕ ಆರಿಸುವುದಕ್ಕೆ ನಾನೊಂದು ವಿಧಾನ ಮಾಡಿಕೊಂಡೆ: ಕೊನೆಯ ಅಧ್ಯಾಯವನ್ನು ಮೊದಲು ಓದುವುದು. ಮಾಯೆ ಕೊನೆಯವರೆಗೂ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಬೇರೆ ಉಪಾಯವಿರಲಿಲ್ಲ. ಮುಖಪುಟವನ್ನು ನಂಬುವಂತಿರಲಿಲ್ಲ, ಹೆಡೆ ಬಿಚ್ಚಿದ ಸರ್ಪದ ಚಿತ್ರವಿದ್ದರೆ ಒಳಗೆ ಹೆಚ್ಚಾಗಿ ಆಸ್ತಿಯ ಜಗಳವೇ ಇರುತ್ತಿತ್ತು. ಕೊನೆಯ ಪುಟಗಳಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಬಂದರೆ ಪುಸ್ತಕ ಕಪಾಟಿಗೆ ವಾಪಸು. ಕತ್ತಲಲ್ಲಿ ಹೊಳೆಯುವ ರಂಜಕ, ಟಾರ್ಚು, ಅವಳಿ ತಮ್ಮ, ಮಂಪರು ಬರಿಸುವ ಔಷಧಿ, "ಆಗ ಅವನಿಗೆ ಎಚ್ಚರವಾಯಿತು" ಎಂಬ ವಾಕ್ಯ, ಇವುಗಳಲ್ಲಿ ಯಾವುದು ಕಂಡರೂ ವಾಪಸು. ಚನ್ನಗಿರಿಯ ಗ್ರಂಥಾಲಯದ ಮೇಲ್ವಿಚಾರಕರು ನನ್ನನ್ನು ಒಂದೆರಡು ವಾರ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾರದೆ ಕೇಳಿದರು:

"ಏನ್ರೀ ಮೇಡಂ, ಉರ್ದು ಪುಸ್ತಕ ಓದಿದಂಗೆ ಹಿಂದಿನಿಂದ ಶುರು ಮಾಡ್ತೀರಲ್ರೀ?"

"ಅಕ್ಕನಿಗೆ ಬೇಕ್ರೀ, ಪರೀಕ್ಷೆ ಮಾಡ್ತಿದೀನಿ."

"ಮಕ್ಕಳು ಸಾಲ್ದು ಅಂತ ಪುಸ್ತಕಕ್ಕೂ ಪರೀಕ್ಷೆ ಇಟ್ರಾ? ಎಷ್ಟು ಪಾಸಾದ್ವು?"

ಪಾಸಾದವು ಕಡಿಮೆ. ಆದರೆ ಪಾಸಾದವು ಗೆದ್ದವು. ತಿಂಗಳಿಗೊಮ್ಮೆ ಶನಿವಾರ ಬೆಳಗಿನ ಶಾಲೆ ಮುಗಿಸಿ, ಚೀಲದಲ್ಲಿ ಪುಸ್ತಕಗಳನ್ನಿಟ್ಟುಕೊಂಡು, ಸೂಳೆಕೆರೆಯ ಕಡೆಯಿಂದ ಹೋಗುವ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರುತ್ತಿದ್ದೆ. ಒಂದು ಕಾದಂಬರಿಯಲ್ಲಿ ಊರಿನ ಬಾವಿಗೆ ಇಣುಕಿದವರಿಗೆ ತಮ್ಮ ಮುಖ ಕಾಣುತ್ತಿರಲಿಲ್ಲ; ಆ ಹೊತ್ತಿಗೆ ತಮ್ಮನ್ನು ಯಾರು ನೆನೆಯುತ್ತಿದ್ದಾರೋ ಅವರ ಮುಖ ಕಾಣುತ್ತಿತ್ತು. ಕೊನೆಯ ಪುಟದವರೆಗೂ ಆ ಬಾವಿ ಹಾಗೆಯೇ ಇತ್ತು. ಅದನ್ನು ಓದಿದ ದಿನ ಕರೆಂಟು ಬಂದರೂ ಹೆಂಗಸರು ಏಳಲಿಲ್ಲವಂತೆ. ಆ ಅಜ್ಜಿ, "ನಮ್ಮೂರ ಬಾವ್ಯಾಗೆ ಇಣುಕಿದ್ರೆ ನೀರೇ ಕಾಣಾಕಿಲ್ಲ, ಮುಖ ಎಲ್ಲಿಂದ ಬರ್ಬೇಕು," ಎಂದಳಂತೆ. ಅಕ್ಕ ಇದನ್ನು ಹೇಳುವಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ನನಗೆ ನ್ಯಾಮತಿಗೆ ವರ್ಗವಾಯಿತು. ಅಲ್ಲಿ ಸೈಕಲ್ ಅಂಗಡಿಯ ಮಗ್ಗುಲಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಮಳಿಗೆಯಿತ್ತು. ಅಲ್ಲೂ ಅದೇ ವಿಧಾನ. ನಿಂತುಕೊಂಡೇ ಕೊನೆಯ ಅಧ್ಯಾಯಗಳನ್ನು ಓದುವುದು. ಅಂಗಡಿಯಾತ, "ಪೂರ್ತಿ ಇಲ್ಲೇ ಓದಿದ್ರೆ ಬಾಡಿಗೆ ಯಾರು ಕೊಡ್ತಾರ್ರೀ," ಎಂದು ಗೊಣಗಿದರೂ, ನಾನು ಹೋಗುವ ಹೊತ್ತಿಗೆ ಒಂದು ಸ್ಟೂಲನ್ನು ಹೊರಗಿಡುತ್ತಿದ್ದ. ಆ ಸ್ಟೂಲಿನ ಮೇಲೆ ಕುಳಿತು ನಾನು ಕೈಬಿಟ್ಟ ಪುಸ್ತಕಗಳೆಲ್ಲ ನನಗೆ ಬೇಕಾದವೇ ಆಗಿದ್ದವು ಎಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಕಾರಣಗಳಿದ್ದ, ಗಂಟು ಬಿಚ್ಚುವ, ಇನ್ಸ್‌ಪೆಕ್ಟರ್ ಬರುವ ಕಾದಂಬರಿಗಳು. ಒಂದು ರಜೆಯಲ್ಲಿ ನನಗಾಗಿ ಒಂದನ್ನು ಓದೋಣವೆಂದು ಕಪಾಟಿನ ಮುಂದೆ ನಿಂತೆ. ಇದರಲ್ಲಿ ಅವಳಿ ತಮ್ಮ, ಅದರಲ್ಲಿ ರಂಜಕ, ಮತ್ತೊಂದರಲ್ಲಿ ಮಂಪರಿನ ಔಷಧಿ ಕೊಟ್ಟ ವೈದ್ಯ. ಎಲ್ಲದರ ಉತ್ತರವೂ ನನಗೆ ಗೊತ್ತಿತ್ತು. ಪ್ರಶ್ನೆ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ.

ಇಷ್ಟಾದರೂ ಅದು ನನ್ನೊಬ್ಬಳ ನಷ್ಟವಾಗಿತ್ತು. ಅಲ್ಲಿಗೇ ನಿಲ್ಲಬಹುದಾಗಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾಳಿಯಲ್ಲಿದ್ದೆ. ಬೇಸಿಗೆ ರಜೆಗೆ ಜಗಳೂರಿಗೆ ಹೋದಾಗ, ಸಂಡಿಗೆ ಹಾಕುತ್ತ ಕುಳಿತಿದ್ದ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು:

"ಅಲ್ಲ ಕಣೆ, ಇಷ್ಟು ವರ್ಷ ತಂದಿದೀಯ, ಒಂದಾದ್ರೂ ಕೈ ಕೊಡ್ಲಿಲ್ಲ. ಹೆಂಗೆ ಗೊತ್ತಾಗ್ತೈತೆ ನಿಂಗೆ?"

ಆ ಪ್ರಶ್ನೆಗೆ ನಾನು ನಕ್ಕು ಸುಮ್ಮನಿರಬೇಕಾಗಿತ್ತು. ಆದರೆ ನನ್ನ ವಿಧಾನದ ಬಗ್ಗೆ ನನಗೆ ಅಭಿಮಾನವಿತ್ತು. ಪಾಠ ಮಾಡಿದಂತೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಕೊನೆಯ ಅಧ್ಯಾಯ, ಇನ್ಸ್‌ಪೆಕ್ಟರ್, ಟಾರ್ಚು, ಕಪಾಟಿಗೆ ವಾಪಸು.

ಅಕ್ಕ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಹಾಕಿದಳು.

"ಹಂಗಾದ್ರೆ ನೀನು ಓದೋದು ಯಾವಾಗ?"

"ಓದೇ ಓದ್ತೀನಲ್ಲ."

"ಕೊನೆ ಗೊತ್ತಾದ್ಮೇಲೆ ಅದು ಎಂಥ ಓದು? ನಿಂಗೆ ಎಂಥದ್ದು ಹಿಡಿಸ್ತೈತೆ, ಹೇಳು. ಸುಳ್ಳು ಹೇಳ್ಬ್ಯಾಡ."

ಹೇಳಿದೆ. ಲಾಟೀನಿನ ಹೆಂಗಸನ್ನೂ ಸೇರಿಸಿಯೇ ಹೇಳಿದೆ. ಅಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು, ಆಮೇಲೆ ಜೋರಾಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ನನ್ನ ನಾಲಿಗೆಗೆ ಉಪ್ಪು ನೋಡಿ ನೋಡಿ ನಿನ್ನ ಹಸಿವೇ ಸತ್ತೋತಲ್ಲೇ, ಹುಚ್ಚಿ. ಇರ್ಲಿ, ಇನ್ಮ್ಯಾಲೆ ನಿಂಗೆ ನಾನು ಆರಿಸ್ತೀನಿ."

ಮಾತಿಗೆ ಹೇಳಿದಳೆಂದುಕೊಂಡೆ. ಆದರೆ ದಸರೆಯ ರಜೆಗೆ ಹೋದಾಗ ಒಂದು ಹಳೆಯ ಕಾದಂಬರಿಯನ್ನು ನನ್ನ ಮಡಿಲಿಗೆ ಹಾಕಿದಳು. ಗಿರಣಿಗೆ ಹೊಸ ಪಟ್ಟೆ ತರಲು ಭಾವನ ಜೊತೆ ದಾವಣಗೆರೆಗೆ ಹೋದವಳು, ಬಸ್ ನಿಲ್ದಾಣದ ಬಳಿ ಹಳೆಯ ಪುಸ್ತಕ ಹರವಿಕೊಂಡು ಕೂರುವವನಿಂದ ಕೊಂಡದ್ದು. ಅದರ ಕೊನೆಯ ಪುಟಗಳನ್ನು ಒಟ್ಟುಗೂಡಿಸಿ, ಚೀಲ ಹೊಲಿಯುವ ದಬ್ಬಣದಿಂದ, ಗೋಣಿದಾರ ಹಾಕಿ, ಬಿಗಿಯಾಗಿ ಹೊಲಿದಿದ್ದಳು.

"ಅಲ್ಲೀತನಕ ಓದಿ, ಆಮೇಲೆ ಹೊಲಿಗೆ ಬಿಚ್ಚು. ನನ್ನ ಮ್ಯಾಲೆ ಆಣೆ."

ಹೊನ್ನಾಳಿಗೆ ಮರಳಿ, ಹೊಳೆಯ ಮೆಟ್ಟಿಲ ಮೇಲೆ ಕುಳಿತು, ಮೊದಲ ಪುಟದಿಂದ ಓದಿದೆ. ಹೊಲಿಗೆಯನ್ನು ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ಪಾಳು ದೇಗುಲದಲ್ಲಿ ಗೆಜ್ಜೆಯ ಸದ್ದು ಕೇಳಿದ ಮೂರನೆಯ ಅಧ್ಯಾಯದಲ್ಲೇ, ಅದು ಪೂಜಾರಿಯ ವಿಧವೆ ತಂಗಿಯೆಂದು ನನಗೆ ತಿಳಿಯಿತು. ಅಷ್ಟೊಂದು ಕೊನೆಗಳನ್ನು ಓದಿದವಳಿಗೆ ಯಾವ ಆರಂಭವೂ ಮುಚ್ಚಿಕೊಂಡಿರುವುದಿಲ್ಲ. ಹೊಲಿಗೆ ಬಿಚ್ಚಿ ನೋಡಿದರೆ ಪೂಜಾರಿಯ ತಂಗಿಯೇ.

"ಗೊತ್ತಾತಾ ಮೊದ್ಲೇ?" ಎಂದು ಅಕ್ಕ ಮುಂದಿನ ಭೇಟಿಯಲ್ಲಿ ಬಾಗಿಲಲ್ಲೇ ಕೇಳಿದಳು.

"ಇಲ್ಲ ಅಕ್ಕಾ, ಕೊನೇತನಕ ಗೊತ್ತಾಗ್ಲಿಲ್ಲ."

ಅವಳು ಚಪ್ಪಾಳೆ ತಟ್ಟಿದಳು. ಆ ಸಂತೋಷವನ್ನು ಕಂಡ ಮೇಲೆ ನಿಜ ಹೇಳುವ ಮನಸ್ಸು ಬರಲಿಲ್ಲ. ಹೀಗೆ ಹೊಲಿಗೆ ಹಾಕಿದ ಪುಸ್ತಕಗಳು ಬರುತ್ತಲೇ ಇದ್ದವು. ನಾನು ಗೊತ್ತಾಗಲಿಲ್ಲವೆನ್ನುತ್ತಲೇ ಇದ್ದೆ. ಅವಳು ಒಂದು ಬಾರಿಯೂ ತಪ್ಪಿ ಮಾಯೆ ಉಳಿಯುವ ಕಾದಂಬರಿಯನ್ನು ನನಗೆ ಕೊಡಲಿಲ್ಲ. ಎಲ್ಲದರಲ್ಲೂ ಕಾರಣಗಳಿದ್ದವು. ಅದು ಹೇಗೆಂದು ನಾನು ಯೋಚಿಸಲಿಲ್ಲ. ವಾಕ್ಯದ ಪ್ರತಿ ಪದವನ್ನೂ ವಿಭಜಿಸಿ ನೋಡುವ ನಾನು, ಇದೊಂದನ್ನು ವಿಭಜಿಸಲಿಲ್ಲ.

ಮರುವರ್ಷ ಇಬ್ಬರೂ ಒಟ್ಟಿಗೆ ದಾವಣಗೆರೆಗೆ ಹೋಗಿದ್ದೆವು. ಹಳೆಯ ಪುಸ್ತಕದವನ ಮುಂದೆ ಅಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಒಂದು ಕಾದಂಬರಿಯನ್ನು ಎತ್ತಿಕೊಂಡು, ಬೆರಳು ನಾಲಿಗೆಗೆ ತಾಕಿಸಿ, ಹಿಂದಿನಿಂದ ಪುಟ ಮಗುಚಿದಳು. ಓದಿದಳು, ಕೆಳಗಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು; ಮತ್ತೆ ಹಿಂದಿನಿಂದ. ಬಿಸಿಲಿನಲ್ಲಿ ನಿಂತಿದ್ದ ನಾನು ಅವಳ ಪಕ್ಕದಲ್ಲಿ ಕುಳಿತೆ.

"ಅಕ್ಕಾ, ಹೀಗಾ ನೀನು ಆರಿಸೋದು?"

"ಮತ್ತಿನ್ನೆಂಗೆ? ನೀನೇ ಕಲಿಸಿದ್ದಲ್ಲ. ಇದ್ರಾಗೆ ಇನ್ಸ್‌ಪೆಕ್ಟರ್ ಬಂದಾನೆ ನೋಡು, ನಿನ್ನ ಪೈಕಿ," ಎಂದು ನನ್ನ ಕೈಗಿಟ್ಟಳು. ನಾನೂ ನಕ್ಕೆ. ಹೀಗೆ ಹಿಂದಿನಿಂದ ಓದಬೇಡವೆಂದು ಹೇಳುವುದಕ್ಕೆ, ಅವಳು ಕೊಟ್ಟ ಪುಸ್ತಕಗಳ ಗುಟ್ಟು ನನಗೆ ಮೊದಲೇ ತಿಳಿದುಬಿಡುತ್ತಿತ್ತೆಂದು ಒಪ್ಪಿಕೊಳ್ಳಬೇಕಾಗಿತ್ತು.

ಅದರ ಮರುದಿನ ಗಿರಣಿಯಲ್ಲಿ ಕರೆಂಟು ಹೋಯಿತು. ಹೊನ್ನಾಳಿಯಿಂದ ನಾನು ತಂದಿದ್ದ ಹೊಸ ಕಾದಂಬರಿ ಅಕ್ಕನ ಪಕ್ಕದಲ್ಲಿತ್ತು. ಆ ಜೋಳದ ಅಜ್ಜಿಯ ಬೆನ್ನು ಮೊದಲಿಗಿಂತ ಹೆಚ್ಚು ಬಾಗಿತ್ತು. ಜೋಳದ ಪುಟ್ಟಿ ಸರಿಸಿ, "ಓದವ್ವಾ, ಸೆಕೆ ಮರೀಲಿ," ಎಂದಳು. ಅಕ್ಕ ಗೋಣಿಚೀಲದ ಮೇಲೆ ಕಾಲು ಮಡಚಿ ಕುಳಿತಳು. ಪುಸ್ತಕವನ್ನು ಹಿಂದಿನಿಂದ ತೆರೆದಳು.

"ಅಕ್ಕಾ, ಅದನ್ನ ನಾನು ನೋಡೀನಿ. ಮಾಯೆ ಹಂಗೇ ಉಳೀತೈತೆ."

"ಗೊತ್ತು ಕಣೆ. ಆದ್ರೂ ಕೈ ಕೇಳಂಗಿಲ್ಲ."

ಕೊನೆಯ ಎರಡು ಪುಟಗಳನ್ನು ತುಟಿ ಅಲುಗಿಸದೆ ಓದಿಕೊಂಡಳು. ಆಮೇಲೆ ಮೊದಲ ಪುಟಕ್ಕೆ ಬಂದು ಗಟ್ಟಿಯಾಗಿ ಆರಂಭಿಸಿದಳು. ಉಚ್ಚಾರ ಸ್ಪಷ್ಟವಾಗಿತ್ತು; ಒಂದು ಅಕ್ಷರವೂ ಜಾರಲಿಲ್ಲ. ಕಥೆಯಲ್ಲಿ ದೋಣಿ ತಾನಾಗಿಯೇ ದಡ ಬಿಟ್ಟು ಹೊರಟಿತು, ಅಂಬಿಗ ಕೂಗಿದ, ಪುಟ ಮುಗಿಯಿತು. ಅಕ್ಕನ ದನಿ ಎಲ್ಲಿಯೂ ತಡೆಯಲಿಲ್ಲ. ಪುಟ ತಿರುಗಿಸಿ, ಅದೇ ವೇಗದಲ್ಲಿ ಮುಂದುವರಿದಳು.

"ಯಾಕವ್ವಾ, ಇವತ್ತು ಪಾಠ ಒಪ್ಪಿಸಿದಂಗೆ ಓದ್ತೀಯಲ್ಲ?" ಎಂದಳು ಅಜ್ಜಿ.

"ಗಂಟಲು ಕೆಟ್ಟೈತೆ ಅಜ್ಜಿ," ಎಂದಳು ಅಕ್ಕ, ನನ್ನತ್ತ ನೋಡದೆ.

ಅಷ್ಟರಲ್ಲಿ ಕರೆಂಟು ಬಂದು, ತಕ್ಕಡಿಯ ಮೇಲಿನ ಬಲ್ಬು ಹತ್ತಿತು. ಹೆಂಗಸರು ಕುಳಿತೇ ಇದ್ದರು. ಭಾವ ಕೂಡ, ಅವಳು ಅಧ್ಯಾಯ ಮುಗಿಸಲೆಂದು ಯಂತ್ರದ ಬಳಿ ಕಾಯುತ್ತ ನಿಂತರು. ಅಕ್ಕ ಅಧ್ಯಾಯದ ನಡುವೆಯೇ ಪುಸ್ತಕ ಮುಚ್ಚಿ, ಎದ್ದು ಹೋಗಿ, ತಾನೇ ಗಿರಣಿಯ ಸ್ವಿಚ್ಚು ಒತ್ತಿದಳು.